ಚುಕ್ಕಿ ನಿಮ್ಮದು, ಗೆರೆ ಊರವರದು: ಪ್ರಧಾನಿ ಕಾರ್ನಿ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಮಾರ್ಕ್ ಕಾರ್ನಿ ಅವರಿಗೆ,

ನೀವು ಇಡೀ ಕೆನಡಾಕ್ಕೆ ಪ್ರಧಾನಿ. ನನಗೆ ಮಾತ್ರ ಮೊದಲು ನನ್ನ ಕ್ಷೇತ್ರದ ಸಂಸದರು. ನಾನು ಒಟ್ಟಾವದ ನೇಪಿಯನ್‌ನ ಮತದಾರ, ಬಾರ್‌ಹೇವನ್‌ನಲ್ಲಿ ಮನೆ. ಈ ಪತ್ರ ಕನ್ನಡದಲ್ಲಿದೆ, ನಿಮಗೆ ಓದಲು ಬರುವುದಿಲ್ಲ ಅಂತ ಗೊತ್ತು. ಇಂಗ್ಲಿಷಿನಲ್ಲಿ ಒಂದು ಪ್ರತಿ ಮಾಡಿ ನಿಮ್ಮ ಕ್ಷೇತ್ರದ ಕಚೇರಿಗೆ ಕೊಟ್ಟು ಬರುತ್ತೇನೆ. ಆದರೆ ಮೊದಲು ಕನ್ನಡದಲ್ಲೇ ಬರೆಯಬೇಕು ಅನ್ನಿಸಿತು, ಯಾಕೆಂದರೆ ಇದರಲ್ಲಿ ನಿಮಗೆ ಹೇಳಬೇಕಾದದ್ದು ಎಷ್ಟಿದೆಯೋ ನಮ್ಮವರಿಗೆ ಹೇಳಬೇಕಾದದ್ದೂ ಅಷ್ಟೇ ಇದೆ. (ನಿಮ್ಮ ಗುಪ್ತಚರ ಸಂಸ್ಥೆಯಲ್ಲಿ ಕನ್ನಡ ಬಲ್ಲವರು ಒಬ್ಬರಾದರೂ ಇದ್ದೇ ಇರುತ್ತಾರೆ ಅಂತ ನಮ್ಮ ಗೆಳೆಯರ ಗುಂಪಿನಲ್ಲಿ ಒಂದು ಜೋಕ್ ಇದೆ. ಇದ್ದರೆ ಅವರಿಗೂ ನಮಸ್ಕಾರ.)

ವಿಷಯ ಹಳೆಯದು ಅನ್ನಿಸಬಹುದು. 2024ರ ಜೂನ್ 3ರಂದು ಸಂಸತ್ತಿನಲ್ಲಿ ಮಂಡಿಸಿದ ಆ ವರದಿ, ಅದೇ, ಬೇರೆ ದೇಶದ ಸರ್ಕಾರಗಳು ನಮ್ಮ ಚುನಾವಣೆಯಲ್ಲಿ ಕೈಯಾಡಿಸುವುದರ ಬಗ್ಗೆ ಎನ್‌ಸೈಕಾಪ್ ಬರೆದದ್ದು. ಊರಿನಿಂದ ಓದುವವರಿಗಾಗಿ ಹೇಳುತ್ತೇನೆ: ಎನ್‌ಸೈಕಾಪ್ ಅಂದರೆ ಬೇರೆ ಬೇರೆ ಪಕ್ಷಗಳ ಸಂಸದರು, ಸೆನೆಟರ್‌ಗಳು ಸೇರಿದ ಒಂದು ಸಮಿತಿ. 2017ರ ಕಾನೂನಿನಿಂದ ಹುಟ್ಟಿದ್ದು. ಇವರಿಗೆ ದೇಶದ ಗುಟ್ಟಿನ ಕಾಗದ ನೋಡುವ ಅಧಿಕಾರ ಇದೆ, ಬಾಯಿ ಬಿಡುವ ಅಧಿಕಾರ ಇಲ್ಲ. ಬಿಟ್ಟರೆ, ಸದನದೊಳಗೆ ತಾನೇ ಮಾತಾಡಿದ್ದು ಅನ್ನುವ ರಕ್ಷಣೆಯೂ ಸಿಗುವುದಿಲ್ಲ. ವರದಿ ಮೊದಲು ಪ್ರಧಾನಿಯ ಮೇಜಿಗೆ ಹೋಗುತ್ತದೆ. ದೇಶದ ಭದ್ರತೆ, ಸೇನೆಯ ವಿಷಯ, ಬೇರೆ ದೇಶಗಳ ಜೊತೆಗಿನ ಸಂಬಂಧ, ವಕೀಲರ ಜೊತೆಗಿನ ಗುಟ್ಟಿನ ಮಾತು, ಈ ನಾಲ್ಕು ಕಾರಣಕ್ಕೆ ಇದನ್ನು ತೆಗೆಯಿರಿ, ಅದನ್ನು ತೆಗೆಯಿರಿ ಅಂತ ಪ್ರಧಾನಿ ಹೇಳಬಹುದು. ಮಾರ್ಚ್ 22ಕ್ಕೆ ಆಗಿನ ಪ್ರಧಾನಿ ಟ್ರೂಡೊ ಕೈ ಸೇರಿದ ವರದಿ ಹೀಗೆ ಸೋಸಿ ಸೋಸಿ ಜೂನ್‌ನಲ್ಲಿ ನಮ್ಮ ಕೈಗೆ ಬಂತು.

ಬಂದ ರಾತ್ರಿಯೇ ಕೂತು ಓದಿದೆ. 2019ರಲ್ಲಿ ಅಮೆರಿಕದ ಮ್ಯೂಲರ್ ವರದಿ (ಅಲ್ಲಿನ ಚುನಾವಣೆಯಲ್ಲಿ ರಷ್ಯಾದ ಕೈವಾಡದ ಬಗ್ಗೆ) ಬಂದಾಗ ಟಿವಿಯಲ್ಲಿ ತೋರಿಸಿದ್ದರಲ್ಲ, 448 ಪುಟ, ಎಷ್ಟೋ ಪುಟಗಳ ಮೇಲೆ ಕಾಡಿಗೆ ಬಳಿದ ಹಾಗೆ ಕಪ್ಪು ಪಟ್ಟಿ. ಇದೂ ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಇಲ್ಲಿ ಹಾಗಿಲ್ಲ. ಕೆನಡಾದವರು ಮರ್ಯಾದಸ್ಥರು ಅಲ್ವಾ, ಮಸಿ ಬಳಿಯುವುದಿಲ್ಲ. ತೆಗೆದ ಜಾಗದಲ್ಲಿ ಮೂರು ನಕ್ಷತ್ರ ಚುಕ್ಕಿ ಇಡುತ್ತಾರೆ. ಕೆಲವು ಕಡೆ ಇಡೀ ಪ್ಯಾರಾ ಹಾರಿಸಿ, ಅದರಲ್ಲಿ ಇಂಥ ವಿಷಯ ಇತ್ತು ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ವಿರೋಧ ಪಕ್ಷವಾದ ಕನ್ಸರ್ವೇಟಿವ್ ಪಕ್ಷದ ನಾಯಕನ ಆಯ್ಕೆಯಲ್ಲಿ ಭಾರತ ಕೈ ಹಾಕಿತ್ತು ಅನ್ನುವ ಆರೋಪದ ಪ್ಯಾರಾ ಹೀಗೇ ಹೋಯಿತು. ಉಳಿದದ್ದು ಹಾಗೊಂದು ಆರೋಪ ಇತ್ತು ಅನ್ನುವ ಸುದ್ದಿ ಮಾತ್ರ. ಯಾವಾಗ, ಹೇಗೆ, ಯಾರ ಮೂಲಕ, ಯಾರಿಗೆ ಲಾಭ ಆಗಲಿ ಅಂತ, ಎಲ್ಲ ಚುಕ್ಕಿಯ ಅಡಿಗೆ.

ದೊಡ್ಡ ಗಲಾಟೆ ಎದ್ದದ್ದು ಇನ್ನೊಂದು ಮಾತಿಗೆ. ಕೆಲವು ಸಂಸದರು ಗೊತ್ತಿದ್ದೋ, ಗೊತ್ತಿದ್ದೂ ಗೊತ್ತಿಲ್ಲದ ಹಾಗೋ ವಿದೇಶಿ ಸರ್ಕಾರಗಳಿಗೆ ನೆರವಾಗಿದ್ದಾರೆ ಅಂತ ಸಮಿತಿ ಬರೆಯಿತು. ಏನೇನು ಮಾಡಿದ್ದಾರೆ ಅನ್ನುವುದಕ್ಕೆ ಉದಾಹರಣೆಯನ್ನೂ ಕೊಟ್ಟಿತು: ಚುನಾವಣೆ ಹೊತ್ತಿಗೆ ಸಮುದಾಯದ ಬೆಂಬಲ ಕೊಡಿಸಿ ಅಂತ ವಿದೇಶಿ ದೂತಾವಾಸಗಳ ಜೊತೆ ಪದೇ ಪದೇ ಮಾತಾಡಿದ್ದು, ಅವರಿಂದ ದುಡ್ಡೋ ಅನುಕೂಲವೋ ಪಡೆದದ್ದು, ಜೊತೆಯ ಸಂಸದರ ಒಳಗಿನ ವಿಚಾರಗಳನ್ನು ರಾಯಭಾರಿಗಳಿಗೆ ಹೇಳಿದ್ದು. ಒಬ್ಬ ಮಾಜಿ ಸಂಸದರಿಗೆ ವಿದೇಶಿ ಗುಪ್ತಚರ ಅಧಿಕಾರಿಯ ಜೊತೆಗೇ ಸಂಬಂಧ ಇತ್ತಂತೆ. ಇಷ್ಟು ಹೇಳಿ ಹೆಸರಿನ ಜಾಗದಲ್ಲಿ ಚುಕ್ಕಿ.

ನನ್ನ ಅಜ್ಜಿ ಬೆಳಿಗ್ಗೆ ಬಾಗಿಲಿಗೆ ಚುಕ್ಕಿ ರಂಗೋಲಿ ಹಾಕುತ್ತಿದ್ದಳು. ಮೊದಲು ಚುಕ್ಕಿ ಇಟ್ಟು, ಒಳಗೆ ಹಾಲು ಉಕ್ಕಿತೇನೋ ಅಂತ ನೋಡಲು ಹೋಗುತ್ತಿದ್ದಳು. ಅಷ್ಟರಲ್ಲಿ ನಾವು ಮಕ್ಕಳು ನಮಗೆ ತೋಚಿದ ಹಾಗೆ ಗೆರೆ ಎಳೆದುಬಿಡುತ್ತಿದ್ದೆವು. ಕಮಲ ಆಗಬೇಕಾದದ್ದು ಕಪ್ಪೆ ಆಗುತ್ತಿತ್ತು. ನಿಮ್ಮ ಸರ್ಕಾರದ ಕಥೆ ಹೀಗೇ ಆಗಿದೆ. ಚುಕ್ಕಿ ಇಟ್ಟು ಒಳಗೆ ಹೋಗಿದ್ದೀರಿ. ಗೆರೆ ಎಳೆಯಲು ಇಡೀ ಊರೇ ಕೂತಿದೆ.

ಪೂರ್ತಿ ವರದಿ ಓದಿದವರ ಗೆರೆಗಳೇ ಒಂದಕ್ಕೊಂದು ಸೇರಲಿಲ್ಲ. ಗ್ರೀನ್ ಪಕ್ಷದ ಎಲಿಜಬೆತ್ ಮೇ ಗುಪ್ತ ಪ್ರತಿಯನ್ನು ಓದಿ ಹೊರಬಂದು, ಈಗಿನ ಸಂಸದರಲ್ಲಿ ದೇಶಕ್ಕೆ ಎರಡು ಬಗೆದವರ ಪಟ್ಟಿ ಅಂತೇನೂ ಅದರಲ್ಲಿಲ್ಲ, ನನಗೆ ಸಮಾಧಾನವಾಯಿತು ಅಂದರು. ಎರಡು ದಿನ ಬಿಟ್ಟು ಎನ್‌ಡಿಪಿ ಪಕ್ಷದ ಜಗ್ಮೀತ್ ಸಿಂಗ್ ಅದೇ ಪ್ರತಿಯನ್ನು ಓದಿ, ನನಗೆ ಇನ್ನೂ ಜಾಸ್ತಿ ಆತಂಕವಾಗಿದೆ ಅಂದರು. ಪುಸ್ತಕ ಒಂದೇ, ಓದಿದವರು ಇಬ್ಬರು, ಒಬ್ಬರಿಗೆ ನೆಮ್ಮದಿ, ಇನ್ನೊಬ್ಬರಿಗೆ ನಿದ್ದೆ ಇಲ್ಲ. ವಿರೋಧ ಪಕ್ಷದ ನಾಯಕ ಪಿಯರ್ ಪೊಲಿಯೆವ್ ಓದುವುದೇ ಇಲ್ಲ ಅಂದರು, ಓದಿದರೆ ಬಾಯಿಗೆ ಬೀಗ ಬೀಳುತ್ತದೆ, ಆಮೇಲೆ ಮಾತಾಡಲಾಗುವುದಿಲ್ಲ ಅಂತ. ಅದರಲ್ಲಿ ಸ್ವಲ್ಪ ನಿಜ ಇದೆ, ಸ್ವಲ್ಪ ಜಾಣತನವೂ ಇದೆ. ಗೊತ್ತಿಲ್ಲದವನಿಗೆ ಏನು ಬೇಕಾದರೂ ಹೇಳುವ ಸ್ವಾತಂತ್ರ್ಯ ಇರುತ್ತದೆ.

ನಿಮ್ಮ ಹಿಂದಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2024ರ ಅಕ್ಟೋಬರ್ 16ರಂದು ಈ ಹಸ್ತಕ್ಷೇಪದ ವಿಚಾರಣೆಗೆ ನೇಮಿಸಿದ್ದ ಹೋಗ್ ಆಯೋಗದ ಮುಂದೆ ಪ್ರಮಾಣ ಮಾಡಿ ಕೂತು, ವಿದೇಶಿ ಹಸ್ತಕ್ಷೇಪದಲ್ಲಿ ಸಿಕ್ಕಿದ, ಸಿಕ್ಕಬಹುದಾದ ಕನ್ಸರ್ವೇಟಿವ್ ಪಕ್ಷದವರ ಹೆಸರು ನನ್ನ ಹತ್ತಿರ ಇದೆ ಅಂದರು ಟ್ರೂಡೊ. ಹೆಸರು ಹೇಳಲಿಲ್ಲ. ಆ ಪಕ್ಷದ ವಕೀಲರು ಪಾಟೀಸವಾಲು ಹಾಕಿದಾಗ, ಹೌದು, ನಮ್ಮ ಪಕ್ಷದವರೂ ಇದ್ದಾರೆ, ಬೇರೆ ಪಕ್ಷದವರೂ ಇದ್ದಾರೆ ಅಂತ ಸೇರಿಸಿದರು. ದೇಶದ ಗುಟ್ಟು ಅಂತ ನಮ್ಮಿಂದ ಮುಚ್ಚಿಟ್ಟ ವಿಷಯವನ್ನು ಎದುರು ಪಕ್ಷಕ್ಕೆ ಹೊಡೆಯಲು ಅರ್ಧ ಮಾತ್ರ ಎತ್ತಿ ತೋರಿಸಬಹುದು ಅಂದರೆ, ಅದು ಯಾವ ಥರದ ಗುಟ್ಟು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇಲ್ಲಿ ನಮ್ಮವರಿಗೆ ಒಂದು ಮಾತು ಹೇಳಬೇಕು. ಇದೆಲ್ಲ ಸುಮ್ನೆ ಟ್ರೂಡೊ ಕಟ್ಟಿದ ಕಥೆ, ವೋಟಿಗಾಗಿ ಭಾರತದ ಮೇಲೆ ಗೂಬೆ ಕೂರಿಸಿದರು ಅಂತ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ದಿನಾ ಬರುತ್ತದೆ. ನಾನು ಅದಕ್ಕೆ ಹೆಬ್ಬೆಟ್ಟು ಎತ್ತುವವನಲ್ಲ. ಕೆನಡಾದ ಚುನಾವಣೆಗಳಲ್ಲಿ ಕೈಯಾಡಿಸುವವರಲ್ಲಿ ಚೀನಾ ಮೊದಲು, ಭಾರತ ಎರಡನೆಯದು ಅಂತ ಬರೆದದ್ದು ಟ್ರೂಡೊ ಅಲ್ಲ, ಎಲ್ಲ ಕಾಗದ ನೋಡಿದ ನ್ಯಾಯಾಧೀಶೆ ಮರಿ ಜೋಸೆ ಹೋಗ್. ಭಾರತದ ವಿದೇಶಾಂಗ ಇಲಾಖೆ ಅದನ್ನು ಅಲ್ಲಗಳೆಯಿತು, ಅದೂ ದಾಖಲೆಯಲ್ಲಿದೆ. 2023ರ ಜೂನ್‌ನಲ್ಲಿ ಸರ್‍ರೆಯಲ್ಲಿ ಖಾಲಿಸ್ತಾನ್ ಪರ ಸಿಖ್ ಮುಖಂಡ ಹರ್ದೀಪ್ ಸಿಂಗ್ ನಿಜ್ಜರ್ ಕೊಲೆ ಆಯಿತು. ಅದರ ಹಿಂದೆ ಭಾರತ ಸರ್ಕಾರದ ಕೈ ಇರಬಹುದೆಂದು ಸೆಪ್ಟೆಂಬರ್‌ನಲ್ಲಿ ಸಂಸತ್ತಿನಲ್ಲಿ ಆರೋಪ ಬಂತು, ಭಾರತ ಅದನ್ನೂ ತಳ್ಳಿಹಾಕಿತು. ನಾನು ಹುಟ್ಟಿದ ದೇಶದ ಮೇಲೆ ಆರೋಪ ಬಂದಾಗ ನನಗೂ ಹೊಟ್ಟೆಯಲ್ಲಿ ಕಿವುಚಿದ ಹಾಗಾಗುತ್ತದೆ. ಆದರೆ ಆ ಸಂಕಟಕ್ಕೂ ಆರೋಪ ಸುಳ್ಳು ಅನ್ನುವುದಕ್ಕೂ ಸಂಬಂಧ ಇಲ್ಲ.

ಆ ಗಲಾಟೆಯ ಬಿಸಿ ನಮಗೆ ತಟ್ಟಿದ್ದು ಬೇರೆ ದಾರಿಯಿಂದ. 2023ರ ಅಕ್ಟೋಬರ್‌ನಲ್ಲಿ ಕೆನಡಾ ಭಾರತದಿಂದ 41 ರಾಜತಾಂತ್ರಿಕರನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು. ಬೆಂಗಳೂರು, ಮುಂಬೈ, ಚಂಡೀಗಢದ ಕಚೇರಿಗಳಲ್ಲಿ ಮುಖತಃ ಸೇವೆ ನಿಂತಿತು. ನಮ್ಮ ಅತ್ತೆ ಬರಬೇಕಿದ್ದದ್ದು ಆ ಚಳಿಗಾಲಕ್ಕೆ. ವೀಸಾ ಸಿಗುವುದು ತಡವಾಗಿ, ಅವರು ಬಂದದ್ದು ಮಗು ನಡೆಯಲು ಕಲಿತ ಮೇಲೆ.

ಇನ್ನು ನಮ್ಮ ತಂದೆ. ಅವರು ಕರ್ನಾಟಕ ಸರ್ಕಾರದ ನಿವೃತ್ತ ನೌಕರರು, ಈಗ ನಮ್ಮ ಜೊತೆ ಇದ್ದಾರೆ. ಪ್ರತಿ ನವೆಂಬರ್‌ನಲ್ಲಿ ತಾನು ಬದುಕಿದ್ದೇನೆ ಅಂತ ಜೀವಿತ ಪ್ರಮಾಣಪತ್ರ ಕೊಡಬೇಕು, ಇಲ್ಲದಿದ್ದರೆ ಪಿಂಚಣಿ ನಿಲ್ಲುತ್ತದೆ. ಅದಕ್ಕೆ ಭಾರತದ ಹೈಕಮಿಷನ್ನಿಗೆ ಹೋಗುತ್ತಾರೆ. ಟೊರಾಂಟೊ ಕಡೆಯ ಹಿರಿಯರಿಗೆ ದೇವಸ್ಥಾನ, ಗುರುದ್ವಾರಗಳಲ್ಲೇ ಶಿಬಿರ ಮಾಡುತ್ತಿದ್ದರು. 2024ರ ನವೆಂಬರ್‌ನಲ್ಲಿ ಬ್ರಾಂಪ್ಟನ್‌ನ ದೇವಸ್ಥಾನದ ಹತ್ತಿರ ಹೊಡೆದಾಟ ಆದ ಮೇಲೆ ಭದ್ರತೆ ಸಿಗುವುದಿಲ್ಲ ಅಂತ ಕೆಲವು ಶಿಬಿರಗಳನ್ನೇ ರದ್ದು ಮಾಡಿದರು. ಎನ್‌ಸೈಕಾಪ್ ವರದಿ ಓದಿದ ಮೇಲೆ ನಾನು ತಂದೆಗೆ ತಮಾಷೆ ಮಾಡಿದೆ, ನೀವು ವರ್ಷಕ್ಕೊಮ್ಮೆ ವಿದೇಶಿ ದೂತಾವಾಸದ ಜೊತೆ ಸಂಪರ್ಕದಲ್ಲಿದ್ದೀರಿ ಅಂತ. ಅವರಿಗೆ ನಗು ಬರಲಿಲ್ಲ. "ನನ್ನ ಹೆಸರೂ ಬರ್ಕೊಂಡಿರ್ತಾರೇನೋ?" ಅಂದರು.

ಈ ಪ್ರಶ್ನೆಗೆ ನೀವು ಉತ್ತರ ಕೊಡಬೇಕು ಅಂತಲೇ ನಾನು ಇಷ್ಟುದ್ದ ಬರೆಯುತ್ತಿರುವುದು. ಹೆಸರು ಹೇಳದೆ ಸಮುದಾಯ ಹೇಳಿದರೆ ಆ ಸಮುದಾಯದ ಎಲ್ಲರೂ ಆ ಚುಕ್ಕಿಯ ಅಡಿಗೆ ಬರುತ್ತಾರೆ. ಕಳೆದ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಸಂಘದಲ್ಲಿ ಯಾರನ್ನು ಅತಿಥಿಯಾಗಿ ಕರೆಯುವುದು ಅಂತ ಒಂದು ಸಂಜೆ ಪೂರ್ತಿ ಜಗಳ ಆಯಿತು. ಹೈಕಮಿಷನ್ನಿನವರನ್ನು ಕರೆಯಬೇಕಾ? ಕರೆದರೆ ಅದೇ ವೇದಿಕೆಗೆ ಸಂಸದರೂ ಬರುತ್ತಾರಾ? ಇಬ್ಬರೂ ಪಕ್ಕ ಪಕ್ಕ ಕೂತು ಬಿಸಿಬೇಳೆಬಾತ್ ತಿಂದ ಫೋಟೋ ಯಾರಾದರೂ ಹಾಕಿದರೆ? ಕೊನೆಗೆ ಇಬ್ಬರನ್ನೂ ಕರೆಯಲಿಲ್ಲ. ಒಬ್ಬ ನಿವೃತ್ತ ಶಿಕ್ಷಕಿಯಿಂದ ದೀಪ ಹಚ್ಚಿಸಿದೆವು. ಕಾರ್ಯಕ್ರಮ ಚೆನ್ನಾಗಿಯೇ ಆಯಿತು, ಆ ಮಾತು ಬೇರೆ.

ಚಂದ್ರ ಆರ್ಯ ಅವರ ಮಾತು ತೆಗೆಯದೆ ಈ ಪತ್ರ ಬರೆದರೆ ನಮ್ಮವರು ನನ್ನನ್ನು ಬಿಡುವುದಿಲ್ಲ. ನೀವೀಗ ಕೂತಿರುವ ನೇಪಿಯನ್ ಸೀಟು 2015ರಿಂದ ಅವರದಾಗಿತ್ತು. ತುಮಕೂರು ಜಿಲ್ಲೆಯ ಸಿರಾ ತಾಲ್ಲೂಕಿನವರು. 2022ರ ಮೇ ತಿಂಗಳಲ್ಲಿ ಒಟ್ಟಾವದ ಸಂಸತ್ತಿನಲ್ಲಿ ನಿಂತು ಕನ್ನಡದಲ್ಲಿ ಮಾತಾಡಿದರು. ಆ ವಿಡಿಯೋ ನೋಡದ ಕನ್ನಡಿಗ ಆ ವಾರ ಭೂಮಿಯ ಮೇಲೆ ಇರಲಿಲ್ಲ ಅನ್ನಬೇಕು, ನನಗೆ ಹನ್ನೊಂದು ಜನ ಕಳಿಸಿದ್ದರು. 2025ರ ಜನವರಿಯಲ್ಲಿ ನಿಮ್ಮ ಲಿಬರಲ್ ಪಕ್ಷದ ನಾಯಕತ್ವಕ್ಕೆ ನಿಲ್ಲುತ್ತೇನೆ ಅಂದರು, ಪಕ್ಷ ನಿಲ್ಲಲು ಬಿಡಲಿಲ್ಲ. ಮಾರ್ಚ್‌ನಲ್ಲಿ ನೇಪಿಯನ್ ಟಿಕೆಟನ್ನೂ ವಾಪಸ್ ಪಡೆಯಿತು. ಒಂದೆರಡು ದಿನದಲ್ಲಿ ಅದೇ ಕ್ಷೇತ್ರಕ್ಕೆ ನಿಮ್ಮ ಹೆಸರು ಬಂತು. ಭಾರತ ಸರ್ಕಾರದ ಜೊತೆ ಅವರಿಗಿದ್ದ ಒಡನಾಟವೇ ಕಾರಣ ಅಂತ ಗ್ಲೋಬ್ ಆಂಡ್ ಮೇಲ್ ಪತ್ರಿಕೆ ಬರೆಯಿತು. ನಾನು ಎಷ್ಟೋ ದೇಶಗಳ ರಾಯಭಾರಿಗಳನ್ನು, ನಾಯಕರನ್ನು ಭೇಟಿ ಮಾಡಿದ್ದೇನೆ, ಅದಕ್ಕೆ ಸರ್ಕಾರದ ಅನುಮತಿ ಕೇಳುವ ಪ್ರಸಂಗ ಒಮ್ಮೆಯೂ ಬಂದಿಲ್ಲ ಅಂತ ಅವರು ಉತ್ತರ ಕೊಟ್ಟರು. ಪಕ್ಷ ವಿವರ ಬಿಚ್ಚಿಡಲಿಲ್ಲ.

ಗಮನಿಸಿ, ಎನ್‌ಸೈಕಾಪ್ ವರದಿಯಲ್ಲಿ ಅವರ ಹೆಸರಿಲ್ಲ. ಯಾರ ಹೆಸರೂ ಇಲ್ಲ. ಅದಕ್ಕೂ ಇದಕ್ಕೂ ಗಂಟು ಹಾಕಲು ನನ್ನ ಹತ್ತಿರ ಏನೂ ಆಧಾರ ಇಲ್ಲ, ನಾನು ಹಾಕುವುದೂ ಇಲ್ಲ. ಅವರ ರಾಜಕೀಯ ನನಗೆ ಯಾವಾಗಲೂ ಹಿಡಿಸುತ್ತಿತ್ತು ಅಂತಲೂ ಅಲ್ಲ. ನನ್ನ ತಕರಾರು ಇಷ್ಟೇ. ಮೂರು ಸಲ ನಾವು ಓಟು ಹಾಕಿ ಗೆಲ್ಲಿಸಿದ ಒಬ್ಬರನ್ನು ಪಕ್ಷ ಕೈಬಿಟ್ಟಿತು. ಯಾಕೆ ಅಂತ ನಾವು, ಅವರ ಮತದಾರರು, ಪತ್ರಿಕೆ ಓದಿ ಊಹೆ ಮಾಡಬೇಕಾಯಿತು. ತಪ್ಪು ಮಾಡಿದ್ದರೆ ಅದು ನಮಗೆ ಗೊತ್ತಾಗಬೇಕಿತ್ತು. ಮಾಡಿಲ್ಲದಿದ್ದರೆ ಅದಂತೂ ಇನ್ನೂ ಜಾಸ್ತಿ ಗೊತ್ತಾಗಬೇಕಿತ್ತು. ಎರಡೂ ಆಗಲಿಲ್ಲ. ಈಗ ಅದೇ ಸೀಟಿನಲ್ಲಿ ನೀವಿದ್ದೀರಿ, ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ.

ಎಲ್ಲ ಹೆಸರು ಬಿಚ್ಚಿ ಬೀದಿಗೆ ಹಾಕಿ ಅಂತ ನಾನು ಕೇಳುತ್ತಿಲ್ಲ. ಜೂನ್ 2024ರಲ್ಲಿ ಕೇಳುತ್ತಿದ್ದೆ, ನಿಜ. ಹೋಗ್ ವರದಿ ಓದಿದ ಮೇಲೆ ಬುದ್ಧಿ ಬಂತು. 2025ರ ಜನವರಿ 28ಕ್ಕೆ ಬಂದ ಅವರ ಕೊನೆಯ ವರದಿ ಏಳು ಸಂಪುಟ. ಪೂರ್ತಿ ಓದಿದೆ ಅಂತ ಸುಳ್ಳು ಹೇಳುವುದಿಲ್ಲ. ಸಂಸತ್ತಿನಲ್ಲಿ ದೇಶದ್ರೋಹಿಗಳು ಇದ್ದಾರೆ ಅನ್ನುವುದಕ್ಕೆ ನನಗೆ ಪುರಾವೆ ಕಾಣಲಿಲ್ಲ ಅಂತ ಅವರು ಬರೆದರು. ಕೆಲವರ ನಡವಳಿಕೆ ಚಿಂತೆ ಹುಟ್ಟಿಸುವಂಥದ್ದು, ಅದು ಹೌದು. ಆದರೆ ಎನ್‌ಸೈಕಾಪ್ ವರದಿ ಕೆಲವು ಕಡೆ ಕೈಯಲ್ಲಿದ್ದ ಮಾಹಿತಿಗಿಂತ ಜಾಸ್ತಿ ಖಚಿತವಾಗಿ ಮಾತಾಡಿದೆ, ಕೆಲವು ಕಡೆ ತಪ್ಪೂ ಇದೆ ಅಂದರು. ಇದು ಓದಿ ನಾನು ಬೆಚ್ಚಿದೆ. ಜೂನ್‌ನಲ್ಲೇ ಹೆಸರು ಹೊರಗೆ ಬಂದಿದ್ದರೆ? ತಪ್ಪು ಮಾಹಿತಿಯ ಮೇಲೆ ಯಾರ ಯಾರ ಮಾನ ಹೋಗುತ್ತಿತ್ತು? ಗುಪ್ತಚರರಿಗೆ ಸಿಗುವುದು ಬಹಳ ಸಲ ಯಾರೋ ಯಾರಿಗೋ ಹೇಳಿದ ಮಾತು, ಫೋನಿನಲ್ಲಿ ಕೇಳಿದ ಅರ್ಧ ವಾಕ್ಯ. ಅದು ಕೋರ್ಟಿನಲ್ಲಿ ನಿಲ್ಲುವ ಸಾಕ್ಷಿ ಅಲ್ಲ. ಆ ರಾಯಭಾರಿ ತನ್ನ ಬಾಸಿಗೆ ಜಂಭ ಕೊಚ್ಚಿಕೊಂಡಿದ್ದೂ ಇರಬಹುದು, ಇಂಥ ಸಂಸದ ನನ್ನ ಜೇಬಿನಲ್ಲಿದ್ದಾನೆ ಅಂತ. ನಮ್ಮೂರಿನ ದಲ್ಲಾಳಿಗಳು ತಹಸೀಲ್ದಾರರ ಹೆಸರು ಹೇಳಿಕೊಂಡು ತಿರುಗುವುದಿಲ್ಲವೇ, ಹಾಗೆ.

ಗುಪ್ತಚರ ಸಂಸ್ಥೆಯವರ ವಾದವೂ ನನಗೆ ಅರ್ಥವಾಗುತ್ತದೆ. ಒಂದೊಂದು ಚೂರೂ ನೋಡಲು ಬಡಪಾಯಿ, ಎಲ್ಲ ಸೇರಿಸಿದರೆ ಮಾಹಿತಿ ಕೊಟ್ಟವನ ಮನೆ ಬಾಗಿಲೇ ಸಿಗುತ್ತದೆ ಅನ್ನುತ್ತಾರೆ. ಇದೂ ಚುಕ್ಕಿ ರಂಗೋಲಿಯೇ, ಗೆರೆ ಎಳೆಯುವವರು ಮಾತ್ರ ಆ ಕಡೆಯವರು. ಬೀಜಿಂಗ್‌ನಲ್ಲೋ ದೆಹಲಿಯಲ್ಲೋ ಕೂತವರು. ಒಬ್ಬನ ಜೀವ ಹೋಗಬಹುದು ಅಂದರೆ ಆ ಸಾಲು ಮುಚ್ಚಿರಲಿ, ನನಗೆ ಬೇಡ. ಆಯೋಗ ಶುರುವಾದಾಗ ಮಾದರಿಗೆ ಅಂತ ಕೊಟ್ಟ ಬರೀ 13 ದಾಖಲೆಗಳನ್ನು ಸೋಸಲು 200 ಗಂಟೆ ಕೆಲಸ ಹಿಡಿಯಿತು ಅಂತ ಸರ್ಕಾರವೇ ಹೇಳಿತ್ತು. ಅಷ್ಟು ಹೊತ್ತು ಸೋಸಿದ ಮೇಲೂ ಅವುಗಳಲ್ಲಿ ಓದಲು ಉಳಿದದ್ದು ಕಡಿಮೆ. 200 ಗಂಟೆ ಗುದ್ದಾಡಿದವರ ಬಗ್ಗೆ ನನಗೆ ಅಯ್ಯೋ ಅನ್ನಿಸುತ್ತದೆ, ನಿಜವಾಗಿ.

ಹಾಗಾದರೆ ಏನು ಬೇಕು ನಿನಗೆ ಅಂತ ಕೇಳುತ್ತೀರಿ. ಮೊದಲನೆಯದು ಬಹಳ ಸಣ್ಣದು. ಪ್ರತಿ ಚುಕ್ಕಿಯ ಪಕ್ಕ ಕಾರಣ ಬರೆಯಿರಿ. ಅಮೆರಿಕದ ಮ್ಯೂಲರ್ ವರದಿಯ ಬಗ್ಗೆ ಎಷ್ಟೇ ಬೈದರೂ ಒಂದು ಮರ್ಯಾದೆ ಅದಕ್ಕಿತ್ತು: ಪ್ರತಿ ಕಪ್ಪು ಪಟ್ಟಿಯ ಮೇಲೂ ಯಾಕೆ ಮುಚ್ಚಿದ್ದು ಅಂತ ಬಣ್ಣ ಹಾಕಿ ಗುರುತು ಇತ್ತು. ಇದು ಗ್ರ್ಯಾಂಡ್ ಜ್ಯೂರಿಯ ವಿಷಯ, ಇದು ತನಿಖೆಯ ತಂತ್ರ, ಇದು ನಡೆಯುತ್ತಿರುವ ಕೇಸು, ಇದು ಒಬ್ಬರ ಖಾಸಗಿ ಸಂಗತಿ ಅಂತ. ಓದುವವನಿಗೆ ಒಳಗೇನಿದೆ ಅಂತ ಗೊತ್ತಾಗದಿದ್ದರೂ ಯಾವ ಬೀಗ ಅಂತ ಗೊತ್ತಾಗುತ್ತಿತ್ತು. ನಮ್ಮ ಮೂರು ಚುಕ್ಕಿ ನೋಡಿದರೆ ನಾಲ್ಕರಲ್ಲಿ ಯಾವ ಕಾರಣ ಅಂತ ಗೊತ್ತಾಗುವುದಿಲ್ಲ. ಮಾಹಿತಿ ಕೊಟ್ಟವನ ಜೀವ ಉಳಿಸಲು ಮುಚ್ಚಿದ ಸಾಲೂ, ಇನ್ನೊಂದು ದೇಶಕ್ಕೆ ಬೇಜಾರಾಗದಿರಲಿ ಅಂತ ಮುಚ್ಚಿದ ಸಾಲೂ ನೋಡಲು ಒಂದೇ. ನನಗೆ ಜಾಸ್ತಿ ಅನುಮಾನ ಇರುವುದು ಈ ಎರಡನೆಯದರ ಮೇಲೆ. ನೀವು 2025ರ ಜೂನ್‌ನಲ್ಲಿ ಕನನಾಸ್ಕಿಸ್‌ನ ಜಿ7 ಸಭೆಗೆ ಮೋದಿಯವರನ್ನು ಕರೆದಿರಿ. ಆಗಸ್ಟ್‌ನಲ್ಲಿ ಎರಡೂ ದೇಶ ಹೊಸ ಹೈಕಮಿಷನರ್‌ಗಳ ಹೆಸರು ಹೇಳಿದವು. ನನಗೆ ಅದರಿಂದ ಖುಷಿಯೇ, ಅತ್ತೆಯ ವೀಸಾದ ಕಥೆ ಆಗಲೇ ಹೇಳಿದೆನಲ್ಲ. ಆದರೆ ಸಂಬಂಧ ಸುಧಾರಿಸಿದ ಹಾಗೆಲ್ಲ ವಿದೇಶಾಂಗದ ನೆಪದಲ್ಲಿ ಚುಕ್ಕಿಗಳೂ ಬೆಳೆಯುತ್ತಾ ಹೋದರೆ, ಮುಂದಿನ ವರದಿಯಲ್ಲಿ ನಮಗೆ ಉಳಿಯುವುದು ಮುಖಪುಟ ಮತ್ತು ಪುಟದ ನಂಬರು.

ಎರಡನೆಯದು ಹೆಸರಿದ್ದವರ ವಿಷಯ. ಅವರನ್ನು ಕರೆದು, ನಿಮ್ಮ ಮೇಲೆ ಹೀಗೊಂದು ಮಾತಿದೆ, ಏನು ಹೇಳುತ್ತೀರಿ ಅಂತ ಕೇಳುವ ಒಂದು ಜಾಗ ಬೇಕು. ಗುಟ್ಟಿನ ಕಾಗದ ತೋರಿಸಲಾಗದು, ಹಾಗಾಗಿ ಅವರು ಉತ್ತರ ಕೊಡಲಾರರು, ಹಾಗಾಗಿ ಹೆಸರು ಹೇಳುವುದೂ ಸರಿಯಲ್ಲ ಅನ್ನುವುದು ಹೋಗ್ ಅವರ ಕಷ್ಟವಾಗಿತ್ತು. ಆದರೆ ಇದೇ ದೇಶದಲ್ಲಿ ಇದಕ್ಕೆ ಒಂದು ದಾರಿ ಆಗಲೇ ಇದೆಯಲ್ಲ! ಭದ್ರತೆಯ ಕಾರಣ ಹೇಳಿ ಯಾರನ್ನಾದರೂ ದೇಶದಿಂದ ಹೊರಗೆ ಹಾಕುವ ಕೇಸುಗಳಲ್ಲಿ ವಿಶೇಷ ವಕೀಲರು ಇರುತ್ತಾರೆ. ಅವರಿಗೆ ಗುಟ್ಟಿನ ಕಾಗದ ನೋಡುವ ಅನುಮತಿ ಇರುತ್ತದೆ, ಆರೋಪಿಯ ಪರವಾಗಿ ನ್ಯಾಯಾಧೀಶರ ಮುಂದೆ ಬಾಗಿಲು ಮುಚ್ಚಿ ವಾದ ಮಾಡುತ್ತಾರೆ. 2008ರಿಂದ ಈ ವ್ಯವಸ್ಥೆ ಇದೆ. ಅದರಲ್ಲೂ ಕೊರತೆ ಇದೆ ಅನ್ನುವವರಿದ್ದಾರೆ, ಇರಲಿ. ಪೌರತ್ವ ಇಲ್ಲದ ಒಬ್ಬ ವಲಸಿಗನಿಗೆ ಇರುವ ಈ ಸೌಕರ್ಯ ಜನ ಆರಿಸಿದ ಸಂಸದನಿಗೆ ಇಲ್ಲ ಅನ್ನುವುದು ವಿಚಿತ್ರ ಅಲ್ವಾ? ಕೊನೆಗೆ ಹೊರಗೆ ಬರಬೇಕಾದದ್ದು ಎರಡೇ ಮಾತು: ವಿಚಾರಿಸಿದೆವು, ಏನೂ ಇಲ್ಲ. ಅಥವಾ, ವಿಚಾರಿಸಿದೆವು, ಇದೆ, ಇಂಥವರು.

ಮೂರನೆಯದು ಪಕ್ಷಗಳ ಒಳಚುನಾವಣೆಯ ನಿಯಮ ಬಿಗಿ ಮಾಡುವುದು. ಇದಕ್ಕೆ ಗುಟ್ಟೇ ಬೇಕಿಲ್ಲ, ಮತ್ತು ಇದನ್ನು ಬರೆಯಲು ನನಗೆ ಸ್ವಲ್ಪ ನಾಚಿಕೆ. ನಾವು ಈ ಊರಿಗೆ ಬರುವ ಮೊದಲು ಟೊರಾಂಟೊ ಹತ್ತಿರ ಇದ್ದೆವು. ಆಗಿನ್ನೂ ನಮಗೆ ಪಿಆರ್ (ಕಾಯಂ ವಾಸದ ಅನುಮತಿ) ಮಾತ್ರ ಇತ್ತು, ಪೌರತ್ವ ಬಂದಿರಲಿಲ್ಲ. ಒಂದು ಪಾಟ್‌ಲಕ್ ಊಟದಲ್ಲಿ ಪರಿಚಯದವರೊಬ್ಬರು ಟ್ಯಾಬ್ಲೆಟ್ ಹಿಡಿದು ಬಂದರು. ಯಾವುದೋ ಒಂದು ಪಕ್ಷ, ಯಾವುದು ಅಂತ ಬೇಡ. "ನಮ್ಮವರೊಬ್ಬರು ನಿಲ್ತಿದಾರೆ ಸಾರ್, ಮೆಂಬರ್ ಆಗಿ. ಫೀ ವಿಷಯ ತಲೆ ಕೆಡಿಸ್ಕೊಬೇಡಿ." ನನ್ನ ಹೆಸರು, ಹೆಂಡತಿ ಹೆಸರು, ಆಗ 15 ವರ್ಷದ ಮಗಳ ಹೆಸರು, ಮೂರೂ ಬರೆದುಕೊಂಡರು. ಒಂದು ಭಾನುವಾರ ವ್ಯಾನ್ ಬಂತು. ಒಂದು ಹಾಲ್‌ನಲ್ಲಿ ಸಾಲಿನಲ್ಲಿ ನಿಂತು ಮೂವರೂ ಓಟು ಹಾಕಿ ಬಂದೆವು, ದಾರಿಯಲ್ಲಿ ಸಮೋಸಾ. ದೇಶದ ಚುನಾವಣೆಯಲ್ಲಿ ಮತ ಹಾಕಲು ನಮ್ಮ ಮೂವರಿಗೂ ಹಕ್ಕಿರಲಿಲ್ಲ. ಆದರೆ ಆ ದೇಶದ ಸಂಸತ್ತಿಗೆ ಯಾರು ನಿಲ್ಲಬೇಕು ಅಂತ ತೀರ್ಮಾನ ಮಾಡಿ ಬಂದಿದ್ದೆವು. ಅದು ಗೆಲ್ಲುವ ಸೀಟು, ಅಂದರೆ ನಿಜವಾದ ಚುನಾವಣೆ ಅವತ್ತೇ ಮುಗಿದ ಹಾಗೆ. ನಮ್ಮ ಫೀ ಯಾರು ಕಟ್ಟಿದರು? ನಾನು ಕೇಳಲೇ ಇಲ್ಲ. ಮೊನ್ನೆ ಮಗಳು ಕೇಳಿದಳು, ಅವತ್ತು ನಾವು ಓಟು ಹಾಕಿದ್ದು ಯಾರಿಗೆ ಅಂತ. ನೆನಪಾಗಲಿಲ್ಲ.

ಅಲ್ಲಿ ಯಾವ ವಿದೇಶಿ ಕೈಯೂ ಇರಲಿಲ್ಲ ಅಂತಲೇ ನನ್ನ ನಂಬಿಕೆ. ನಮ್ಮವರ ಉತ್ಸಾಹ ಅಷ್ಟೇ. ಆದರೆ ಬಾಗಿಲು ಹಾಗೆ ತೆರೆದಿದ್ದರೆ ಯಾರು ಬೇಕಾದರೂ ವ್ಯಾನ್ ಕಳಿಸಬಹುದಲ್ಲ. 2019ರಲ್ಲಿ ಡಾನ್ ವ್ಯಾಲಿ ನಾರ್ತ್‌ನ ಲಿಬರಲ್ ಟಿಕೆಟ್ ಆಯ್ಕೆಗೆ ಚೀನಾದ ವಿದ್ಯಾರ್ಥಿಗಳನ್ನು ಬಸ್ಸಿನಲ್ಲಿ ತಂದ ಕಥೆಯನ್ನು ಹೋಗ್ ತಮ್ಮ ಮೊದಲ ವರದಿಯಲ್ಲೇ ವಿವರವಾಗಿ ಬರೆದರು. ಗೆದ್ದ ಹಾನ್ ಡಾಂಗ್, ತನಗೆ ಅಕ್ರಮ ಏನೂ ಗೊತ್ತಿರಲಿಲ್ಲ ಅನ್ನುತ್ತಾರೆ. ಅವರಿಗೆ ಗೊತ್ತಿತ್ತೋ ಇಲ್ಲವೋ, ಬಸ್ಸು ಬರಲು ಪಕ್ಷದ ನಿಯಮ ಬಾಗಿಲು ತೆರೆದಿಟ್ಟಿತ್ತು. ಎನ್‌ಸೈಕಾಪ್ ಕೂಡ ಇದನ್ನೇ ದೊಡ್ಡ ಕಿಂಡಿ ಅಂದಿತು. ಹೋಗ್ ಅವರ 51 ಶಿಫಾರಸುಗಳಲ್ಲಿ ಪಕ್ಷಗಳ ಒಳಚುನಾವಣೆಯ ಮಾತೂ ಇದೆ. 2025ರ ಜನವರಿಯಲ್ಲಿ ನಿಮ್ಮನ್ನು ನಾಯಕನಾಗಿ ಆರಿಸುವ ಮುಂಚೆ ನಿಮ್ಮ ಪಕ್ಷ ಅವಸರದಲ್ಲಿ ನಿಯಮ ಬದಲಿಸಿ, ಕೆನಡಾದ ಪೌರರು, ಪಿಆರ್ ಇರುವವರು ಮತ್ತು ಇಲ್ಲಿನ ಮೂಲನಿವಾಸಿಗಳು ಮಾತ್ರ ಮತ ಹಾಕಬಹುದು ಅಂತ ಮಾಡಿತು. ವಯಸ್ಸು 14 ಆದರೆ ಸಾಕು ಅನ್ನುವುದು ಹಾಗೇ ಉಳಿಯಿತು. ಮನಸ್ಸು ಮಾಡಿದರೆ ಒಂದು ವಾರದಲ್ಲಿ ಆಗುತ್ತದೆ ಅಂತ ನೀವೇ ತೋರಿಸಿದ್ದೀರಿ.

ಕಾನೂನೂ ಹಾಗೇ. ಎನ್‌ಸೈಕಾಪ್ ಗಲಾಟೆ ಆದ ಅದೇ ಜೂನ್‌ನ 20ಕ್ಕೆ ಸಿ-70 ಕಾನೂನು ಪಾಸಾಯಿತು, ವಿದೇಶಿ ಸರ್ಕಾರದ ಪರವಾಗಿ ಕೆಲಸ ಮಾಡುವವರು ಹೆಸರು ಬರೆಸಬೇಕು ಅಂತ. ಹತ್ತು ತಿಂಗಳ ಮೇಲೆ ಚುನಾವಣೆ ಬಂದಾಗ ಆ ರಿಜಿಸ್ಟ್ರಿ ಶುರುವೇ ಆಗಿರಲಿಲ್ಲ.

ಆದರೆ ಆ ಚುನಾವಣೆಯಲ್ಲಿ ನನಗೆ ಒಂದು ಒಳ್ಳೆಯದೂ ಕಂಡಿತು, ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಧಿಕಾರಿಗಳು ವಾರ ವಾರ ಪತ್ರಕರ್ತರ ಮುಂದೆ ಕೂತು ಏನು ಕಾಣುತ್ತಿದೆ ಅಂತ ಹೇಳಿದರು. ಏಪ್ರಿಲ್ 7ಕ್ಕೆ, ಚೀನಾದ ಆ್ಯಪ್ ವೀಚಾಟ್‌ನಲ್ಲಿ ಚೀನಾ ಸರ್ಕಾರಕ್ಕೆ ನಂಟಿರುವ ಒಂದು ಖಾತೆ ನಿಮ್ಮ ಬಗ್ಗೆಯೇ ಕಥೆ ಹಬ್ಬಿಸುತ್ತಿದೆ ಅಂದರು, ಹೊಗಳಿಕೆಯೂ ಇತ್ತಂತೆ, ತೆಗಳಿಕೆಯೂ ಇತ್ತಂತೆ. ಆಮೇಲೆ ಕನ್ಸರ್ವೇಟಿವ್ ಅಭ್ಯರ್ಥಿ ಜೋ ಟೇ ಅವರನ್ನು ಗುರಿ ಮಾಡಿದ್ದನ್ನೂ ಹೇಳಿದರು. ಖಾತೆಯ ಹೆಸರು, ದಿನ, ಏನಾಯಿತು, ಎಲ್ಲ ಹೇಳಿದರು. ಆಕಾಶ ಬೀಳಲಿಲ್ಲ, ನಾವು ಅದನ್ನು ಕೇಳಿಕೊಂಡು ಹೋಗಿ ಓಟು ಹಾಕಿದೆವು. 2021ರಲ್ಲಿ ಸ್ಟೀವ್‌ಸ್ಟನ್‌ನ ಕನ್ಸರ್ವೇಟಿವ್ ಸಂಸದ ಕೆನ್ನಿ ಚಿಯು ಬಗ್ಗೆ ವೀಚಾಟ್‌ನಲ್ಲಿ ಸುಳ್ಳು ಹರಡಿದಾಗ ಮತದಾರರಿಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಅವರು ಸೋತರು. ಸೋಲಿಗೆ ಅದೇ ಕಾರಣವೋ ಅಲ್ಲವೋ, ಈಗ ಯಾರು ಹೇಳಬಲ್ಲರು?

ಇಂಗ್ಲಿಷ್ ಪ್ರತಿಯನ್ನು ಬುಧವಾರ ನಿಮ್ಮ ಕಚೇರಿಗೆ ತಂದುಕೊಡುತ್ತೇನೆ, ತಂದೆಯೂ ಜೊತೆಗೆ ಬರುತ್ತಾರಂತೆ. ಅವರ ಹೆಸರು ಬರೆದುಕೊಂಡಿದ್ದಾರಾ ಅನ್ನುವ ಪ್ರಶ್ನೆಯನ್ನು ಅವರೇ ಕೇಳಬೇಕಂತೆ. ಉತ್ತರ ಬರೆಯುವುದಾದರೆ ಇಂಗ್ಲಿಷಿನಲ್ಲೇ ಬರೆಯಿರಿ, ಫ್ರೆಂಚ್ ಆದರೂ ಪರವಾಗಿಲ್ಲ, ಮಗಳು ಓದಿ ಹೇಳುತ್ತಾಳೆ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ
ಬಾರ್‌ಹೇವನ್, ನೇಪಿಯನ್